ನೌಕರಿ ಹುಡುಕುವವರ ಧರ್ಮ, ಊರಿನ ಧರ್ಮ

ನಾನು ಏಳನೇ ಇಯತ್ತೆ ಕಲಿತವ. ಹೊಲ ಉಳುವುದು, ರಾತ್ರಿ ಪದ ಹಾಡುವುದು, ಇವೆರಡೇ ನನಗೆ ಗೊತ್ತಿರುವ ವಿದ್ಯೆ. ವಾಚನಾಲಯದವರು ಪುಸ್ತಕಕ್ಕೆ ಏನಾದರೂ ಬರೆದು ಕೊಡ್ರಿ ಅಂದಾಗ ಪದ ಬೇಕಾದರೆ ಕೊಡತೀನಿ, ಲೇಖನ ನನಗೆ ಬರೂದಿಲ್ಲ ಅಂದಿದ್ದೆ. ಆದರೆ ಒಂದು ಮಾತು ಎದೆಯೊಳಗೆ ಕುಂತಿತ್ತು. ಅದನ್ನು ಹಾಡಿಗೆ ಕಟ್ಟಲು ನೋಡಿದೆ, ಕಟ್ಟಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಹೋದ ವರ್ಷ ಛಟ್ಟಿ ಅಮಾಸಿಗೆ ಗುಡ್ಡಾಪುರ ದಾನಮ್ಮನ ಜಾತ್ರೆಗೆ ನಡಕೋತ ಹೊಂಟಿದ್ದೆ. ನಮ್ಮ ಊರಿನ ಒಬ್ಬ ಹುಡುಗ ಜೋಡಿ ಬಂದ. ಬಿ.ಎ. ಮುಗಿದು ಐದು ವರ್ಷ. ದಿನಾ ನಸುಕಿನಾಗ ರಸ್ತೆ ಮೇಲೆ ಓಡತಾನ, ಮಧ್ಯಾಹ್ನ ವಾಚನಾಲಯದಾಗ ಓದತಾನ. ಪೊಲೀಸ್ ಭರತಿಗೆ ಮೂರು ಸಲ ಹೋಗಿ ಬಂದಾನ. ಅರ್ಧ ದಾರಿಗೆ ಬಂದಾಗ ಕೇಳಿದ: "ಅಜ್ಜಾ, ನಾ ಇನ್ನಾ ಎಷ್ಟ ವರ್ಷ ಕಾಯಲಿ? ಕಾಯೂದು ತಪ್ಪೋ, ಬಿಡೂದು ತಪ್ಪೋ?"

ನಾನು ನಲವತ್ತು ವರ್ಷ ಹರದೇಶಿ-ನಾಗೇಶಿ ಪದ ಹಾಡಿದವ. ಎದುರಿನ ಮೇಳದವರು ಸವಾಲು ಹಾಕಿದರೆ ಬೆಳಗಾಗೋದರೊಳಗೆ ಜವಾಬು ಕೊಟ್ಟೇ ಕೊಡಬೇಕು, ಅದು ನಮ್ಮ ಕಟ್ಟು. ಆದರೆ ಆ ಹುಡುಗನ ಸವಾಲಿಗೆ ಗುಡ್ಡಾಪುರ ಮುಟ್ಟುವ ತನಕ ನನ್ನ ಬಾಯಿಂದ ಜವಾಬು ಬರಲಿಲ್ಲ.

ಮೊದಲು ನನ್ನದೇ ಕತೆ ಹೇಳತೀನಿ. ನಾನು ಏಳನೇ ಇಯತ್ತೆ ಮುಗಿಸಿದ್ದು 1972ರ ಬರಗಾಲದಾಗ. ನಮ್ಮ ಅಪ್ಪನ ಕಾಲದಾಗ ಏಳನೇ ಅಂದರೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವರು ಮಾಸ್ತರ ಆಗತಿದ್ದರು. ನಮ್ಮಪ್ಪನಿಗೂ ಅದೇ ಆಸೆ ಇತ್ತು. ಆದರೆ ಆ ವರ್ಷ ಜತ್ತ ಸೀಮೆಯಾಗ ಬಾವಿ ಬತ್ತಿದವು, ದನಕ್ಕೆ ಮೇವಿಲ್ಲ, ಮಂದಿಗೆ ಜೋಳ ಇಲ್ಲ. ನಾನು ಪಾಟಿ ಇಟ್ಟು ಬುಟ್ಟಿ ಹಿಡಿದೆ. ಅವ್ವನ ಜೋಡಿ ರಸ್ತೆ ಕೆಲಸಕ್ಕೆ ಖಡಿ ಒಡಿಯಾಕ ಹೋದೆ. ಸರಕಾರ ಬರಗಾಲದ ಕೆಲಸ ತೆಗೆದಿತ್ತು. ಕೆಲಸಕ್ಕೆ ಕೂಲಿ, ಜೊತೆಗೆ ಸುಕಡಿ. ಆ ಸುಕಡಿ ತಿಂದು ಉಳಿದ ಜೀವ ಇದು.

ನಂತರ ತಿಳಿದದ್ದು ಏನಂದರೆ, ಅದು ಬರೇ ದಾನ ಆಗಿರಲಿಲ್ಲ. ಕೆಲಸ ಕೇಳಿದವನಿಗೆ ಕೆಲಸ ಕೊಡಬೇಕು ಅನ್ನುವ ವಿಚಾರ ನಮ್ಮ ಸಾಂಗ್ಲಿ ಜಿಲ್ಲೆಯವರೇ ಆದ ವಿ. ಸ. ಪಾಗೆ ಅವರದು. ಅವರು ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ ಆಗಿದ್ದವರು. ಮೊದಲ ಪ್ರಯೋಗ ನಮ್ಮ ಜಿಲ್ಲೆಯ ತಾಸಗಾಂವ ತಾಲೂಕಿನಾಗೆ ಆಯಿತು. 1972ರ ಬರದಾಗ ಅದು ಇಡೀ ರಾಜ್ಯಕ್ಕೆ ಹಬ್ಬಿತು. 1977ರಲ್ಲಿ ಅದೇ ರೋಜಗಾರ ಹಮಿ ಕಾಯದೆ ಆಯಿತು. ಮುಂದೆ 2005ರಲ್ಲಿ ಇಡೀ ದೇಶಕ್ಕೆ ಉದ್ಯೋಗ ಖಾತ್ರಿ ಕಾಯದೆ ಬರಲು ಇದೇ ಬೀಜ. ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ. ಈ ಯೋಜನೆಗೆ ರೊಕ್ಕ ಕೂಡಿಸಲು ಪಗಾರ ತಗೊಳ್ಳುವವರ ಮೇಲೆ ವೃತ್ತಿ ತೆರಿಗೆ ಹಾಕಿದರು. ಅಂದರೆ ಮುಂಬಯಿ ಪುಣೆಯ ನೌಕರದಾರ ತನ್ನ ಪಗಾರದಾಗ ಕೊಟ್ಟ ರೊಕ್ಕದಿಂದ ಜತ್ತದ ಖಡಿ ಒಡಿಯುವವಳ ಕೂಲಿ ಹುಟ್ಟಿತು. ಇದನ್ನು ಮಾಸ್ತರರೊಬ್ಬರು ಹೇಳಿದ ದಿನ ನನ್ನ ಕಣ್ಣಾಗ ನೀರು ಬಂತು.

ಯಾಕೆ ಹೇಳಿದೆ ಅಂದರೆ, ಸರಕಾರದ ಹತ್ತಿರ ಕೆಲಸ ಕೇಳುವುದು ಭಿಕ್ಷೆ ಅಲ್ಲ. ಬುಟ್ಟಿ ಹೊರುವ ಕೈಗೆ ಕೆಲಸ ಕೊಡಬೇಕು ಅಂತ ಕಾಯದೆ ಐತಿ. ಪುಸ್ತಕ ಹಿಡಿದ ಕೈಗೆ ಮಾತ್ರ ಅಂಥ ಕಾಯದೆ ಇಲ್ಲ. ನಾವು ಮಕ್ಕಳಿಗೆ "ಕಲಿ, ಬುಟ್ಟಿ ಹೊರೂದು ತಪ್ಪತೈತಿ" ಅಂತ ಹೇಳಿ ಶಾಲೆಗೆ ಕಳಿಸಿದೆವು. ಅವರು ಕಲಿತರು. ಕಲಿತು ಬಂದಾಗ ಬುಟ್ಟಿ ಹೊರಾಕ ನಾಚಿಕೆ, ಕುರ್ಚಿ ಮೇಲೆ ಕುಂಡ್ರಾಕ ಕುರ್ಚಿ ಇಲ್ಲ. ಇದರಾಗ ಹುಡುಗರ ತಪ್ಪು ಎಷ್ಟು, ನಮ್ಮ ತಪ್ಪು ಎಷ್ಟು, ಲೆಕ್ಕ ಹಾಕಬೇಕು.

ಈಗಿನ ಹುಡುಗರು ಹೊಲ ಒಲ್ಲೆ ಅಂತಾರ, ನೌಕರಿ ನೌಕರಿ ಅಂತ ಹುಚ್ಚು ಹಿಡದಾರ ಅಂತ ಕಟ್ಟಿ ಮೇಲೆ ಕುಂತ ಹಿರಿಯರು ಬೈತಾರ. ನಾನೂ ಬೈದಿದ್ದೆ. ಆದರೆ ಖರೆ ಹೇಳಬೇಕಂದರೆ ಹುಡುಗರಿಗೆ ಈ ಹುಚ್ಚು ಹಿಡಿಸಿದವರು ನಾವೇ. ಮಳೆ ಒಂದು ವರ್ಷ ಬಂದರೆ ಎರಡು ವರ್ಷ ಬರೂದಿಲ್ಲ. ದಾಳಿಂಬೆ ಹಚ್ಚಿದರೆ ತೇಲ್ಯಾ ರೋಗ. ದ್ರಾಕ್ಷಿಗೆ ಔಷಧ ಹೊಡೆದು ಹೊಡೆದು ಸಾಲ. ಜೋಳ, ಸಜ್ಜೆ ಬೆಳೆದರೆ ಹೊಟ್ಟೆಗೆ ಆಗತೈತಿ, ಕೈಗೆ ಆಗೂದಿಲ್ಲ. ಹೆಣ್ಣು ಕೊಡುವವರು ಮೊದಲು ಕೇಳೂದು, "ಹುಡುಗ ನೌಕರಿ ಮ್ಯಾಲ ಅದಾನೇನು?" ನಾನೇ ನನ್ನ ಮಗಳನ್ನು ಕೊಡುವಾಗ ಇದನ್ನೇ ಕೇಳಿದ್ದೆ. ಹತ್ತು ಎಕರೆ ಇದ್ದ ಹುಡುಗನನ್ನು ಬಿಟ್ಟು ಪಗಾರ ಬರುವ ಹುಡುಗನನ್ನು ನೋಡಿದ ನಾನು, ಇನ್ನೊಬ್ಬರ ಮಗನಿಗೆ "ಹೊಲ ಮಾಡು" ಅಂತ ಯಾವ ಬಾಯಿಲೆ ಹೇಳಲಿ?

ಇನ್ನು ಲೆಕ್ಕದ ಮಾತು. 2023ರಲ್ಲಿ ಮಹಾರಾಷ್ಟ್ರ ಸರಕಾರ ತಲಾಠಿ ಭರತಿ ತೆಗೆಯಿತು. ಜಾಗ 4,644. ಅರ್ಜಿ ಬಂದದ್ದು 10 ಲಕ್ಷದ ಮ್ಯಾಲೆ. ಅರ್ಜಿಯ ಫೀ ಸಾಮಾನ್ಯರಿಗೆ 1,000 ರೂಪಾಯಿ, ಮೀಸಲಿನವರಿಗೆ 900. ನಾನು ಏಳನೇ ಕಲಿತವ ಆದರೂ ಭಾಗಾಕಾರ ಬರತೈತಿ. ಭಾಗಿಸಿ ನೋಡಿದರೆ ಸುಮಾರು 215 ಮಂದಿಗೆ ಒಂದು ಜಾಗ. ಈಗ ತಿಳಕೋರಿ, ಈ 215 ಮಂದಿಯೂ ಹಗಲಿರುಳು ಓದಿದರು, ಎಲ್ಲರೂ ಶಾಣ್ಯಾರೇ, ಎಲ್ಲರೂ ಪ್ರಾಮಾಣಿಕರೇ. ಆದರೂ ಒಬ್ಬ ಒಳಗೆ ಹೋಗತಾನ, 214 ಮಂದಿ ಮನೆಗೆ ಬರತಾರ. ಬಂದ 214 ಮಂದಿಗೆ ನಾವು ಏನಂತೀವಿ? "ಫೇಲಾದ", "ದಡ್ಡ", "ಓದಲಿಲ್ಲ, ಮೊಬೈಲ ನೋಡಿದ". ಚೀಲದಾಗ ಒಂದೇ ರೊಟ್ಟಿ ಇದ್ದು ಉಣ್ಣಾಕ 215 ಮಂದಿ ಕುಂತರೆ, ಉಪವಾಸ ಎದ್ದವರನ್ನು ಸೋಮಾರಿ ಅಂತ ಯಾರೂ ಅನ್ನೂದಿಲ್ಲ. ನೌಕರಿ ಮಾತು ಬಂದಾಗ ಮಾತ್ರ ನಮಗೆ ಈ ಬುದ್ಧಿ ಇರೂದಿಲ್ಲ. ನೌಕರಿ ಸಿಗದೇ ಇದ್ದುದು ಹುಡುಗನ ಗುಣದ ಮಾತು ಅಲ್ಲ, ಭಾಗಾಕಾರದ ಮಾತು. ಇದು ನನ್ನ ಮೊದಲ ಜವಾಬು.

ನಮ್ಮ ಗಡಿಯ ಮಕ್ಕಳಿಗೆ ಇದರ ಮ್ಯಾಲೆ ಇನ್ನೊಂದು ಹೊರೆ ಐತಿ. ನಾವು ಮನೆಯಾಗ ಕನ್ನಡ, ಕಚೇರಿಯಾಗ ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಾಗ ಕಲಿತ ಹುಡುಗ ಮಹಾರಾಷ್ಟ್ರದ ಪರೀಕ್ಷೆಗೆ ಕುಂತರೆ ಮರಾಠಿ ವ್ಯಾಕರಣದ ಪ್ರಶ್ನೆ ಬರತಾವ. ಮರಾಠಿ ಶಾಲೆಯಾಗ ಕಲಿತ ಹುಡುಗನ ಬರೋಬ್ಬರಿ ಓಡಬೇಕಂದರೆ ಇವ ಹತ್ತು ಹೆಜ್ಜೆ ಹಿಂದಿನಿಂದ ಓಡಬೇಕು. ಅತ್ತ ಕರ್ನಾಟಕಕ್ಕೆ ಹೋದರೆ ಇಲ್ಲಿಯ ಜಾತಿ ದಾಖಲೆ ಅಲ್ಲಿ ಮೀಸಲಾತಿಗೆ ನಡೆಯೂದಿಲ್ಲ. "ನೀವು ಮಹಾರಾಷ್ಟ್ರದವರು" ಅಂತಾರ. ಇಲ್ಲಿ "ನೀವು ಕಾನಡಿ" ಅಂತಾರ. ಅದರಾಗ ಇನ್ನೊಂದು ವಿಚಿತ್ರ ನೋಡ್ರಿ. 2024ರಲ್ಲಿ ನಮ್ಮ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಹಾಕಿದ ಸುದ್ದಿ ಪತ್ರಿಕೆಯಾಗ ಬಂತು. ಆ ಶಿಕ್ಷಕರ ಮ್ಯಾಲೆ ನನಗೆ ಸಿಟ್ಟಿಲ್ಲ. ಅವರೂ ವರ್ಷಾನುಗಟ್ಟಲೆ ದಾರಿ ಕಾದವರೇ. ಆದರೆ ಒಂದನೇ ಇಯತ್ತೆಯ ಕೂಸು "ನೀರಡಿಕಿ ಆಗೇತ್ರಿ" ಅಂದರೆ ತಿಳಿಯದ ಗುರುಗಳಿಗೂ ಕಷ್ಟ, ಆ ಕೂಸಿಗೂ ಕಷ್ಟ. ಮಾತೃಭಾಷೆಯಾಗ ಪ್ರಾಥಮಿಕ ಶಿಕ್ಷಣದ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ಕಲಮು ಹೇಳತೈತಿ. ಜಾಗ ತುಂಬಿದರೆ ಸಾಲದು. ಆ ಜಾಗದಾಗ ಕುಂತವನು ಯಾರಿಗಾಗಿ ಕುಂತಾನ ಅನ್ನೂದೂ ನೋಡಬೇಕು.

ಆದರೂ ಬಾಗಿಲ ಪೂರಾ ಮುಚ್ಚಿಲ್ಲ. ನನಗೆ ತಿಳಿದವರಿಂದ ಕೇಳಿದ್ದು ಬರೀತೀನಿ, ಯಾರಿಗಾದರೂ ಉಪಯೋಗ ಆಗಲಿ. ಅಂಚೆ ಖಾತೆಯ ಗ್ರಾಮೀಣ ಡಾಕ್ ಸೇವಕ ಜಾಗಕ್ಕೆ ಪರೀಕ್ಷೆ ಇಲ್ಲ, ಹತ್ತನೇ ಅಂಕದ ಮ್ಯಾಲೆ ಆರಿಸತಾರ. ಅದು ಕೇಂದ್ರದ್ದು. ಆ ಭಾಗದ ಭಾಷೆಯನ್ನು ಹತ್ತನೇ ತನಕ ಕಲಿತಿರಬೇಕು ಅಷ್ಟೇ. ಅಂದರೆ ಕನ್ನಡ ಕಲಿತ ನಮ್ಮ ಹುಡುಗ ಕರ್ನಾಟಕದ ಅಂಚೆ ವಿಭಾಗಕ್ಕೂ ಅರ್ಜಿ ಹಾಕಬಹುದು. ಗ್ರಾಮೀಣ ಬ್ಯಾಂಕಿನ ಪರೀಕ್ಷೆಗಳು 2019ರಿಂದ ಕನ್ನಡದಾಗೂ ಬಂದಾವ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಕೆಲವು ಪರೀಕ್ಷೆಗಳು, ಕೇಂದ್ರ ಮೀಸಲು ಪಡೆ, ಗಡಿ ಪಡೆಯ ಪೊಲೀಸ ಜಾಗದ ಪರೀಕ್ಷೆ ಈಗ ಕನ್ನಡದಾಗ ಬರೀಬಹುದು. ಕಲಿಯುವ ಮಕ್ಕಳಿಗೆ ಕರ್ನಾಟಕದ ಸಿಇಟಿಯಾಗ ಗಡಿನಾಡ ಕನ್ನಡಿಗರು ಅಂತ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕಿನವರಿಗೆ ಅವಕಾಶ ಐತಿ, ಕನ್ನಡ ಪರೀಕ್ಷೆ ಪಾಸಾಗಬೇಕು. ಮರಾಠಿ ಕಲೀಬ್ಯಾಡ್ರಿ ಅಂತ ನಾನು ಹೇಳೂದಿಲ್ಲ. ಛಲೋ ಕಲೀರಿ. ನಾನು ಮರಾಠಿ ಅಭಂಗವನ್ನೂ ಹಾಡತೀನಿ, ಕನ್ನಡ ತತ್ವಪದವನ್ನೂ ಹಾಡತೀನಿ. ಎರಡು ಭಾಷೆ ಬಂದವನಿಗೆ ಎರಡು ಊರಾಗ ಬುತ್ತಿ ಸಿಗತೈತಿ.

ಈಗ ಬರೆಯಾಕ ಕಷ್ಟ ಆಗುವ ಮಾತಿಗೆ ಬರತೀನಿ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನನ್ನ ಮಗ ಹನ್ನೆರಡನೇ ಪಾಸಾಗಿದ್ದ. ಅನುದಾನ ಇದ್ದ ಒಂದು ಸಂಸ್ಥೆಯಾಗ ಶಿಪಾಯಿ ಜಾಗ ಐತಿ ಅಂತ ಒಬ್ಬ ಮಧ್ಯಸ್ಥ ಬಂದ. ಮೂರು ಲಕ್ಷ ಅಂದ. "ಪಗಾರ ಸರಕಾರದ್ದು, ಜೀವನಪರ್ಯಂತ ಚಿಂತಿ ಇಲ್ಲ" ಅಂದ. ನಾನು ಒಂದು ಮಾತು ಎದುರಾಡಲಿಲ್ಲ. ಎರಡು ಎಕರೆ ಮಾರಾಕ ಹೊಂಟೆ. ಊರಾಗ ಶರಣರ ಪದ ಹಾಡುವ ಬಾಯಿ ನನ್ನದು. ಕಾಯಕ, ಪ್ರಾಮಾಣಿಕತೆ ಅಂತ ರಾತ್ರಿಯೆಲ್ಲಾ ಹೇಳುವವ ನಾನೇ. ಆದರೂ ಹೊಲ ಕೊಳ್ಳುವವನ ಮನೆ ಮುಂದೆ ಮೂರು ದಿನ ಹೋಗಿ ಕುಂತೆ. ಅವ ಎರಡೂ ಎಕರೆಗೆ ಕೂಡಿ ಎರಡು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಮ್ಯಾಲೆ ಏರಲಿಲ್ಲ. ಉಳಿದದ್ದಕ್ಕೆ ಬಡ್ಡಿ ಸಾಲ ತೆಗೀಬೇಕು ಅಂತ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೇ ಕೇಳಿದಳು: "ಆ ಜಾಗಕ್ಕ ಬ್ಯಾರೆ ಯಾರೂ ಅರ್ಜಿ ಹಾಕಿಲ್ಲೇನು? ಹೊಲ ಇಲ್ಲದವರು?"

ನನ್ನ ಬಾಯಿ ಕಟ್ಟಿತು.

ಶರಣರ ಕತೆಯಾಗ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಬರತಾರ. ಮಾರಯ್ಯ ಅಂಗಳದಾಗ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವ. ಒಂದು ದಿನ ಹೆಚ್ಚಿಗೆ ಅಕ್ಕಿ ತಂದ. ಲಕ್ಕಮ್ಮ ಅದನ್ನು ನೋಡಿ, ಇಷ್ಟು ಯಾಕೆ ತಂದಿ, ನಮ್ಮ ಪಾಲಿನದಲ್ಲದ್ದು ನಮಗೆ ಬ್ಯಾಡ, ಎಲ್ಲಿಂದ ತಂದಿಯೋ ಅಲ್ಲೇ ಹಾಕಿ ಬಾ ಅಂತ ಕಳಿಸಿದಳು. ಈ ಕತೆಯನ್ನು ನಾನು ನೂರು ಸಲ ಸಭಾದಾಗ ಹೇಳೇನಿ. ಅವತ್ತು ನಮ್ಮ ಒಲಿ ಮುಂದೆ ಕುಂತವಳು ನನಗೆ ಲಕ್ಕಮ್ಮನ ಹಾಂಗ ಕಂಡಳು.

ನೌಕರಿ ಕೊಳ್ಳುವುದು ಅಂದರೆ ಅಂಗಡಿಯಾಗ ಬಟ್ಟೆ ಕೊಂಡಂಗ ಅಲ್ಲ. ಅದರ ಖರೇ ಬೆಲೆಯನ್ನು ಕೊಡುವವನು ನಾನಲ್ಲ. ನನಗೆ ಮುಖವೇ ಗೊತ್ತಿಲ್ಲದ ಇನ್ನೊಬ್ಬ ಹುಡುಗ ಕೊಡತಾನ. ಅವ ನನ್ನ ಮಗನಿಗಿಂತ ಬಡವ ಇರಬಹುದು, ನನ್ನ ಮಗನಿಗಿಂತ ಚೆಂದ ಓದಿರಬಹುದು. ಅವನಿಗೆ ಯಾಕೆ ಸಿಗಲಿಲ್ಲ ಅನ್ನೂದೂ ಅವನಿಗೆ ತಿಳಿಯೂದಿಲ್ಲ. ತನ್ನ ಹಣೆಬರಹ ಅನಕೋತಾನ, ತಾನೇ ದಡ್ಡ ಅನಕೋತಾನ. ಮನೆ ಕಳವಾದವನಿಗೆ ಕಳವಾಗೇತಿ ಅಂತಾದರೂ ಗೊತ್ತಾಗತೈತಿ. ಇವನಿಗೆ ಅದೂ ಇಲ್ಲ.

ಈಗ ನಾನು ಖರೆ ಹೇಳಬೇಕು. ನಾನು ಹಣ ಕೊಡಲಿಲ್ಲ ನಿಜ. ಆದರೆ ಅದು ಅರ್ಧ ಹೆಂಡತಿಯ ಮಾತಿನಿಂದ, ಅರ್ಧ ಹೊಲಕ್ಕೆ ಬೆಲೆ ಬರದ್ದಕ್ಕೆ. ಪೂರಾ ಬೆಲೆ ಬಂದಿದ್ದರೆ ಏನು ಮಾಡತಿದ್ದೆನೋ ದಾನಮ್ಮನೇ ಬಲ್ಲಳು. ಆ ಜಾಗ ಬೇರೆಯವರಿಗೆ ಹೋಯಿತು. ಅವರು ಈಗ ಪಗಾರ ತಗೊಂಡು ಸುಖದಾಗ ಅದಾರ. ನನ್ನ ಮಗ ಬಾಡಿಗೆ ಟೆಂಪೋ ಹೊಡೀತಾನ, ಬೇಸಿಗ್ಯಾಗ ಮನೂಕದ ಶೆಡ್ಡಿಗೆ ದ್ರಾಕ್ಷಿ ಸಾಗಿಸತಾನ. ಒಂದು ದಿನ ಸಿಟ್ಟಿನಾಗ ಅಂದ: "ಅಪ್ಪಾ, ಅವತ್ತ ಎರಡ ಎಕರೆ ಕೊಟ್ಟಿದ್ರ ನಾ ಇವತ್ತ ಹಿಂಗ ಇರತಿರಲಿಲ್ಲ." ಧರ್ಮದಿಂದ ನಡೆದರೆ ಒಳ್ಳೇದಾಗತೈತಿ ಅಂತ ಕತೆಯಾಗ ಬರತೈತಿ. ನಮ್ಮ ಮನೆಯಾಗ ಹಂಗೇನೂ ಆಗಲಿಲ್ಲ. ಆದರೂ ನನಗೆ ಒಂದು ಸಮಾಧಾನ ಐತಿ: ಯಾರ ಮನೆಯ ಒಲೆಯ ಬೆಂಕಿಯನ್ನೂ ನಾನು ಎತ್ತಿ ತರಲಿಲ್ಲ. ಈ ಸಮಾಧಾನ ಮಗನ ಹೊಟ್ಟೆ ತುಂಬಿಸೂದಿಲ್ಲ ಅನ್ನೂದೂ ನನಗೆ ಗೊತ್ತೈತಿ. ಎರಡೂ ಖರೇನೇ.

ಇದು ನಮ್ಮೊಬ್ಬರ ಮನೆಯ ಕತೆ ಅಲ್ಲ. 2021ರಲ್ಲಿ ಮಹಾರಾಷ್ಟ್ರದ ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿಯ ಅಂಕಗಳನ್ನು ರೊಕ್ಕಕ್ಕೆ ತಿದ್ದಿದ ಹಗರಣ ಹೊರಗೆ ಬಂತು. ಮುಂದಿನ ವರ್ಷ ಏಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಅನರ್ಹ ಮಾಡಿದರು. ಅದೇ 2021ರ ಅಕ್ಟೋಬರಿನಾಗ ಕರ್ನಾಟಕದಾಗ 545 ಪಿಎಸ್ಐ ಜಾಗಕ್ಕೆ ಪರೀಕ್ಷೆ ಆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದಿದ್ದರು. ಮೋಸ ಹೊರಬಿದ್ದು 2022ರ ಏಪ್ರಿಲಿನಾಗ ಪರೀಕ್ಷೆಯೇ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನೆವರಿಯಾಗ. ಯಾರೋ ಕೆಲವರು ರೊಕ್ಕ ಕೊಟ್ಟಿದ್ದಕ್ಕೆ, ಏನೂ ತಪ್ಪು ಮಾಡದೆ ಓದಿ ಬರೆದ ಸಾವಿರಾರು ಮಕ್ಕಳ ಎರಡು ವರ್ಷಕ್ಕಿಂತ ಹೆಚ್ಚು ವಯಸ್ಸು ಹೋಯಿತು. ಆ ವಯಸ್ಸನ್ನು ಯಾವ ಕೋರ್ಟೂ ತಿರುಗಿ ಕೊಡೂದಿಲ್ಲ.

ಇನ್ನು ತರಬೇತಿಯ ಮಾತು. 2024ರಲ್ಲಿ ಮಹಾರಾಷ್ಟ್ರದಾಗ ಮುಖ್ಯಮಂತ್ರಿ ಯುವಾ ಕಾರ್ಯ ಪ್ರಶಿಕ್ಷಣ ಯೋಜನೆ ಬಂತು. ಜನ ಅದಕ್ಕೆ "ಲಾಡಕಾ ಭಾವು" ಅಂದರು. ಹನ್ನೆರಡನೇ ಆದವರಿಗೆ ತಿಂಗಳಿಗೆ 6 ಸಾವಿರ, ಐಟಿಐ ಡಿಪ್ಲೊಮಾದವರಿಗೆ 8 ಸಾವಿರ, ಪದವಿ ಆದವರಿಗೆ 10 ಸಾವಿರ ವಿದ್ಯಾವೇತನ. ಮೊದಲು ಆರು ತಿಂಗಳು ಅಂದಿದ್ದರು, ಮುಂದೆ ಐದು ತಿಂಗಳು ಹೆಚ್ಚಿಸಿದರು. ನಮ್ಮ ಮನೆಯಾಗೇ ಬೆಳೆದ ನನ್ನ ಮಗಳ ಮಗಳು ಬಿ.ಎ. ಮಾಡಿದಾಕಿ. ಆಕೆಗೆ ಒಂದು ಶಾಲೆಯಾಗ ತರಬೇತಿ ಸಿಕ್ಕಿತು. ಕನ್ನಡ ಓದಿದಾಕಿ, ಕನ್ನಡ ಮಕ್ಕಳಿಗೆ ಅಕ್ಷರ ಕಲಿಸಿದಳು. ಮಕ್ಕಳು ಆಕೆಗೆ "ಬಾಯಾರ" ಅಂತ ಕರೀತಿದ್ದರು. ಮೊದಲ ತಿಂಗಳ ರೊಕ್ಕ ಬಂದಾಗ ನನಗೊಂದು ಟೋಪಿ, ಅಜ್ಜಿಗೊಂದು ಇಳಕಲ್ ಸೀರಿ ತಂದಳು. ಆಮೇಲೆ ತಿಂಗಳು ಮುಗಿದವು. ಪ್ರಮಾಣಪತ್ರ ಕೈಗೆ ಬಂತು, ಕೆಲಸ ಹೋಯಿತು. ಆಕೆಯ ಜೋಡಿ ಇದ್ದವರು ನಮ್ಮನ್ನು ಕಾಯಂ ಮಾಡ್ರಿ ಅಂತ ಮೋರ್ಚಾಕ್ಕೆ ಹೋದರು. ಆಕೆಯೂ ಒಂದು ಸಲ ಹೋಗಿ ಬಂದಳು.

ಒಂದು ರಾತ್ರಿ ಕೇಳಿದಳು: "ಅಜ್ಜಾ, ತರಬೇತಿ ಅಂದ್ರು. ನಾ ಕಲತಿದ್ದೆನೋ, ಕಲಸತಿದ್ದೆನೋ? ಕಲಸತಿದ್ರ ಅದು ಕೆಲಸ ಅಲ್ಲೇನು?"

ಇದರ ಬಗ್ಗೆ ನಾನು ಭಾಳ ವಿಚಾರ ಮಾಡಿದೆ. ಎತ್ತನ್ನು ಹೂಡುವ ಮೊದಲು ಪಳಗಿಸತೀವಿ. ಕೊಳ್ಳ ಹೊರಿಸತೀವಿ, ಹೊಲದ ಅಂಚಿನಾಗ ತಿರುಗಿಸತೀವಿ. ಅದು ತರಬೇತಿ. ಆದರೆ ಅದೇ ಎತ್ತಿನಿಂದ ಇಡೀ ಹೊಲ ಉಳಿಸಿ "ಇದು ಪಳಗಿಸೂದು" ಅಂದರೆ ಅದು ಲೆಕ್ಕ ತಪ್ಪಿದ ಮಾತು. ತರಬೇತಿ ಯೋಜನೆ ಕೆಟ್ಟದ್ದು ಅಂತ ನಾನು ಅನ್ನೂದಿಲ್ಲ. ಆಕೆ ಅಲ್ಲಿ ಹಾಜರಿ ಪುಸ್ತಕ ಬರೆಯೂದು ಕಲಿತಳು, ಕಂಪ್ಯೂಟರಿನಾಗ ಮಾಹಿತಿ ತುಂಬೂದು ಕಲಿತಳು, ನಾಲ್ಕು ಮಂದಿ ಮುಂದೆ ನಿಂತು ಮಾತಾಡೂದು ಕಲಿತಳು. ಅದು ಯಾರೂ ಕಸಿಯದ ಗಳಿಕೆ. ಕಾಯಂ ಆಗೂದಿಲ್ಲ ಅನ್ನೂದೂ ಕಾಗದದ ಮ್ಯಾಲೆ ಇತ್ತಂತೆ. ಆದರೆ ಕಾಗದ ಹೇಳೂದು ಒಂದು, ಭಾಷಣ ಹೇಳೂದು ಒಂದು, ಮನಸ್ಸು ಕೇಳೂದು ಮತ್ತೊಂದು. ದಿನಾ ಗಂಟೆ ಬಾರಿಸಿ ಶಾಲೆ ಕೂಡಿಸುವಾಕಿಗೆ "ಇದು ನಿನ್ನ ಶಾಲೆ ಅಲ್ಲ" ಅಂತ ನೆನಪಿರೂದು ಕಷ್ಟ. ಅದಕ್ಕೆ ತರಬೇತಿಗೆ ಹೋಗುವ ಮಕ್ಕಳಿಗೆ ನಾನು ಹೇಳೂದು ಇಷ್ಟೇ. ಹೋಗ್ರಿ, ಆದರೆ ಮೊದಲ ದಿನವೇ ಮೂರು ಮಾತು ಕೇಳ್ರಿ: ಎಷ್ಟು ದಿನ, ಏನು ಕಲಸತೀರಿ, ಮುಗಿದ ಮ್ಯಾಲೆ ಏನು. ಆಸೆ ತೋರಿಸುವವರಿಗೂ ಒಂದು ಧರ್ಮ ಐತಿ. ಬಾಗಿಲ ಇಲ್ಲದ ಗೋಡೆ ಮುಂದೆ ಮಂದಿಯನ್ನು ಸಾಲು ನಿಲ್ಲಿಸಬಾರದು.

ಹಾಂಗಾದರೆ ಹುಡುಕುವವನ ಧರ್ಮ ಏನು? ನನಗೆ ತೋಚಿದ್ದು ಹೇಳತೀನಿ.

ಮೊದಲನೇದು, ಅವಧಿ ಹಾಕಿಕೊಳ್ಳೂದು. ಮಹಾರಾಷ್ಟ್ರದಾಗ ಭಾಳ ನೌಕರಿಗಳಿಗೆ ವಯಸ್ಸಿನ ಮಿತಿ ಸಾಮಾನ್ಯರಿಗೆ 38, ಮೀಸಲಿನವರಿಗೆ 43. ಸರಕಾರ ಇದನ್ನು ದಯೆಯಿಂದ ಮಾಡಿರಬಹುದು. ಆದರೆ ಈ ದಯೆಯೇ ಉರುಲು ಆಗತೈತಿ. 38ರ ತನಕ ಬಾಗಿಲ ತೆರೆದೈತಿ ಅಂತ ಹುಡುಗ 38ರ ತನಕ ಕುಂಡ್ರತಾನ. ಸರಕಾರದ ಮಿತಿ ಬ್ಯಾರೆ, ನಿನ್ನ ಮಿತಿ ಬ್ಯಾರೆ. ಬಿತ್ತುವ ಮೊದಲೇ ರೈತ ಒಂದು ಹದ ನೋಡತಾನ. ಮೃಗಶಿರಾ ಹೋಗಿ ಆರಿದ್ರಾ ಹೋದರೆ ಬೆಳೆ ಬದಲಿಸತಾನ, ಅದಕ್ಕೆ ಯಾರೂ ಸೋತ ಅನ್ನೂದಿಲ್ಲ.

ಎರಡನೇದು, ಬರೇ ಕಾಯಬಾರದು. ಓದುವ ನಾಲ್ಕು ತಾಸು ಬಿಟ್ಟು ಉಳಿದ ಹೊತ್ತಿನಾಗ ಕೈಗೆ ಒಂದು ಕೆಲಸ ಇರಬೇಕು. ಹೊಲ ಇರಲಿ, ಆಡು ಇರಲಿ, ಕಿರಾಣಿ ಇರಲಿ, ಮಕ್ಕಳಿಗೆ ಪಾಠ ಹೇಳೂದಿರಲಿ. ಶರಣರು ಕಾಯಕದಾಗ ಮೇಲು ಕೀಳು ಇಟ್ಟಿಲ್ಲ. ಪಗಾರ ಬಂದರೆ ಮಾತ್ರ ಕೆಲಸ ಅಂತ ಅವರು ಹೇಳಿಲ್ಲ.

ಮೂರನೇದು, ಕಾಗದಪತ್ರ. ಅಧಿವಾಸ ದಾಖಲೆ, ಜಾತಿ ದಾಖಲೆ, ಜಾತಿ ಪಡತಾಳಣಿ, ಉತ್ಪನ್ನದ ದಾಖಲೆ, ಕಂಪ್ಯೂಟರಿನ ಎಂಎಸ್-ಸಿಐಟಿ. ಇವನ್ನು ಜಾಹೀರಾತು ಬಂದ ಮ್ಯಾಲೆ ಹುಡುಕಿದರೆ ತಾರೀಖು ಮುಗೀತೈತಿ. ಓದಿನಾಗ ಸೋತರೆ ಒಂದು ಮಾತು, ಒಂದು ಕಾಗದಕ್ಕೆ ಸೋತರೆ ಹೊಟ್ಟೆ ಉರೀತೈತಿ. ಎಲ್ಲಾ ಮಾಹಿತಿಯನ್ನು ಸರಕಾರದ ಅಧಿಕೃತ ಜಾಗದಾಗೇ ನೋಡ್ರಿ. ರೊಕ್ಕ ಕೇಳುವವ ಯಾರೇ ಇರಲಿ, ಅವ ನೌಕರಿ ಕೊಡುವವ ಅಲ್ಲ.

ಇನ್ನು ಊರಿನ ಧರ್ಮ. ಇದನ್ನು ನಾವು ಮರೆತೀವಿ. ಮೊದಲನೇದು, ಎದುರಿಗೆ ಬಂದ ಹುಡುಗನಿಗೆ "ಆತೇನು? ಯಾವಾಗ ಆಗತೈತಿ?" ಅಂತ ಕೇಳೂದು ಬಿಡೋಣು. ಅದು ಪ್ರೀತಿಯ ಮಾತು ಅಂತ ನಾವು ತಿಳೀತೀವಿ, ಅವನಿಗೆ ಮುಳ್ಳು. ಜೋಳ ಹೆಂಗ ಬಂದೈತಿ, ಅವ್ವ ಆರಾಮ ಅದಾಳೇನು, ಅಂತ ಕೇಳಿದರೆ ಸಾಕು. ಎರಡನೇದು, ವಾಚನಾಲಯದ ಗೋಡೆಗೆ ಒಂದು ಫಳಿ ಹಾಕೋಣು. ಯಾವ ಭರತಿ, ಎಷ್ಟು ಜಾಗ, ಕಡೇ ತಾರೀಖು ಯಾವುದು, ಯಾವ ಕಾಗದ ಬೇಕು, ಅಂತ ವಾರಕ್ಕೊಮ್ಮೆ ಕನ್ನಡದಾಗ ಬರೆಯೋಣು. ಮಾಸ್ತರರು ಮನಸ್ಸು ಮಾಡಿದರೆ ಇದು ಒಂದು ತಾಸಿನ ಕೆಲಸ. ತನಗೆ ಗೊತ್ತಾದ ಜಾಹೀರಾತನ್ನು ಗೆಳೆಯನಿಂದ ಮುಚ್ಚಿಡುವ ಹುಡುಗರನ್ನು ನಾನು ನೋಡೇನಿ. ತಪ್ಪು ಅವರದಲ್ಲ, ಅಂಜಿಕೆ ಹಂಗ ಮಾಡಸತೈತಿ. ಫಳಿಗೆ ಹಾಕಿದರೆ ಆ ಅಂಜಿಕೆ ಹೋಗತೈತಿ. ಮೂರನೇದು, ನೌಕರಿ ಸಿಕ್ಕವರು ತಿಂಗಳಿಗೊಂದು ಆಯಿತವಾರ ಬಂದು ಹಿಂದಿನವರಿಗೆ ಮರಾಠಿ, ಗಣಿತ ಹೇಳಿಕೊಡಲಿ. ನೌಕರದಾರನ ತೆರಿಗೆಯಿಂದ ಖಡಿ ಒಡಿಯುವವರಿಗೆ ಕೂಲಿ ಹುಟ್ಟಿತಲ್ಲ, ಹಾಂಗ ಇದು. ಇದು ಉಪಕಾರ ಅಲ್ಲ, ಸಾಲ ತೀರಿಸೂದು. ನಾಲ್ಕನೇದು, ಕೊಟ್ಟು ತಗೊಂಡು ನೌಕರಿ ಮಾಡಿಸಿದವನನ್ನು ಶಾಣ್ಯಾ ಅಂತ ಹೊಗಳೂದು ಬಿಡೋಣು. ಅವನಿಗೆ ಊರಿನಾಗ ಮಾನ ಸಿಗೂ ತನಕ ಮುಂದಿನ ಅಪ್ಪಂದಿರು ಹೊಲ ಮಾರತಾನೇ ಇರತಾರ.

ಗುಡ್ಡಾಪುರದಿಂದ ತಿರುಗಿ ಬರುವಾಗ ಆ ಹುಡುಗ ಮತ್ತೆ ಜೋಡಿ ಇದ್ದ. ಆಗ ನಾನು ಹೇಳಿದೆ: "ತಮ್ಮಾ, ಕಾಯೂದು ತಪ್ಪಲ್ಲ, ಬಿಡೂದೂ ತಪ್ಪಲ್ಲ. ಕಾಯೂ ಮುಂದ ನಿನ್ನ ನೀ ಕಳಕೊಂಡರ ಅದು ತಪ್ಪು. ಬಿಟ್ಟ ಮ್ಯಾಲ ನಿನ್ನ ನೀ ಹಳಕೊಂಡರ ಅದೂ ತಪ್ಪು. ಇನ್ನ ಎರಡ ಸಲ ಬರಿ. ಆಮ್ಯಾಲ ಬ್ಯಾರೆ ಹದ ನೋಡು. ನೌಕರಿ ಆದರೂ ನೀ ನಮ್ಮವನ, ಆಗದಿದ್ದರೂ ನಮ್ಮವನ."

ಅವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಅಜ್ಜಾ, ಈ ಮಾತ ನಮ್ಮಪ್ಪಗ ಹೇಳ್ತೀಯೇನು?"

ಹೇಳತೀನಿ ಅಂದೆ. ಮರುದಿನ ಸಂಜಿಕೆ ಅವರ ಮನೆಗೆ ಹೋಗಿ ಕುಂತೆ. ಅವನ ಅಪ್ಪ ಚಹಾ ತರಿಸಿದ. ಮಾತು ಕೇಳಿದ. "ನೀ ಹೇಳೂದು ಖರೆ ಐತಿ, ಆದರ ಮಂದಿ ಏನಂತಾರ?" ಅಂದ. ಆ ಮಂದಿ ಅಂದರೆ ನಾವೇ. ಅದಕ್ಕೇ ಇದನ್ನು ಬರೆದೆ. ತಪ್ಪಿದ್ದರೆ ಮಾಸ್ತರರು ತಿದ್ದಲಿ, ಹಿರಿಯರು ಹೊಟ್ಟೆಯಾಗ ಹಾಕಿಕೊಳ್ಳಲಿ.